ಪಾಲಿಗೆ ಬಂದ ಪ್ರಿಂಟರ್

ಮಠದ ಕಚೇರಿಯ ಪ್ರಿಂಟರ್ ಮತ್ತೆ ಸಂಪರ್ಕ ಕಳೆದುಕೊಂಡಿತು. ಬೆಳಗಿನ ಪ್ರಸಾದದ ಪಂಕ್ತಿ ಏಳುವ ಮೊದಲೇ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಕಿರಿಯ ಸಾಧಕರು ಮಾತು ನಿಲ್ಲಿಸಿದರು. ಅಡುಗೆಯವರು ಒಲೆಯ ಉರಿ ಸಣ್ಣದು ಮಾಡಿ ಬಂದು ಬಾಗಿಲಲ್ಲಿ ನಿಂತರು. ಈ ಸಲ ಉಳಿದರೂ ಮೊದಲಿನಂತೆ ಆಗುವುದು ಅನುಮಾನ ಎಂದು ಯಾರೋ ಮೆಲ್ಲಗೆ ಹೇಳಿದರು.

ಕಚೇರಿ ನೋಡಿಕೊಳ್ಳುತ್ತಿದ್ದ ಶಿಷ್ಯ ಹಿರಿಯ ಸ್ವಾಮಿಗಳ ಮುಂದೆ ಬಂದು ಕೈಮುಗಿದ.

"ಬುದ್ಧಿ, ತಂತಿ ಇದ್ದಿದ್ದರೆ ಹಿಡಿದು ನೋಡಬಹುದಿತ್ತು. ಇದಕ್ಕೆ ತಂತಿಯೇ ಇಲ್ಲ. ಒಂದು ದಿನ ಸರಿ ಇರುತ್ತದೆ, ಮರುದಿನ ಕೈಕೊಡುತ್ತದೆ. ಸಂಪರ್ಕ ಹೀಗೆ ಮತ್ತೆ ಮತ್ತೆ ಕಡಿಯುವಾಗ ದೋಷವನ್ನು ಯಾವ ಕಡೆ ಹುಡುಕಬೇಕು?"

ಸ್ವಾಮಿಗಳು ಕೂತುಕೊಳ್ಳಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಅಣ್ಣ ತಮ್ಮ ಇದ್ದರು. ಒಂದೇ ಮನೆಯಲ್ಲಿದ್ದರು. ಯಾವುದೋ ಮಾತಿಗೆ ಜಗಳವಾಯಿತು. ಆ ಮಾತು ಯಾವುದು ಎಂಬುದು ಆಮೇಲೆ ಇಬ್ಬರಿಗೂ ಸರಿಯಾಗಿ ನೆನಪಿರಲಿಲ್ಲ. ಮಾತು ಬಿಟ್ಟದ್ದು ಮಾತ್ರ ಚೆನ್ನಾಗಿ ನೆನಪಿತ್ತು.

ಸೋದರಮಾವ ಬಂದು ಮನೆಯನ್ನು ಪಾಲು ಮಾಡಿಸಿದ. ಪಾತ್ರೆ ಹಂಚಿದರು, ಹಾಸಿಗೆ ಹಂಚಿದರು. ತಾಯಿಯ ಫೋಟೋ ಒಂದೇ ಇತ್ತು. ಅದಕ್ಕೆ ಇನ್ನೊಂದು ಪ್ರತಿ ತೆಗೆಸಿ ಕಟ್ಟು ಹಾಕಿಸಿದರು. ಕೊನೆಗೆ ಉಳಿದದ್ದು ಒಂದು ಪ್ರಿಂಟರ್ ಮತ್ತು ಮನೆಗೆ ಇಂಟರ್ನೆಟ್ ಕೊಡುವ ರೌಟರ್. ಮಾವ ಪ್ರಿಂಟರನ್ನು ಅಣ್ಣನಿಗೆ ಕೊಟ್ಟ, ರೌಟರನ್ನು ತಮ್ಮನಿಗೆ ಕೊಟ್ಟ. ರೌಟರ್ ಇಲ್ಲದೆ ಪ್ರಿಂಟರ್ ಕೆಲಸ ಮಾಡುವುದಿಲ್ಲ, ಆ ನೆಪದಲ್ಲಾದರೂ ಇವರು ಮಾತಾಡಿಕೊಳ್ಳಲಿ ಎಂದು ಅವನ ಎಣಿಕೆ. ಒಳ್ಳೆಯ ಎಣಿಕೆಯೇ. ಆದರೆ ಆ ಎರಡು ಯಂತ್ರಗಳು ಮಾತಾಡಿಕೊಳ್ಳುವುದಕ್ಕೆ ಮನುಷ್ಯರು ಮಾತಾಡುವ ಅಗತ್ಯವಿಲ್ಲ ಎಂಬುದು ಮಾವನಿಗೆ ಗೊತ್ತಿರಲಿಲ್ಲ.

ನಡುಮನೆಯಲ್ಲಿ ಗೋಡೆ ಎದ್ದಿತು. ತಂತಿಯ ಯಂತ್ರವಾಗಿದ್ದರೆ ಗೋಡೆಗೆ ತೂತು ಕೊರೆಯಬೇಕಿತ್ತು. ಕೊರೆಯುವ ಮೊದಲು ಒಬ್ಬ ಇನ್ನೊಬ್ಬನನ್ನು ಕೇಳಬೇಕಿತ್ತು. ಇಲ್ಲಿ ಯಾವುದೂ ಬೇಕಾಗಲಿಲ್ಲ. ತಮ್ಮನ ರೌಟರ್ ಗೋಡೆಯ ಆ ಕಡೆಯಿಂದ ಕೊಡುತ್ತಿತ್ತು, ಅಣ್ಣನ ಪ್ರಿಂಟರ್ ಈ ಕಡೆ ತೆಗೆದುಕೊಳ್ಳುತ್ತಿತ್ತು. ಪಾಸ್‌ವರ್ಡ್ ಹಳೆಯದೇ ಇತ್ತು. ತಮ್ಮ ಅದನ್ನು ಬದಲಾಯಿಸಲಿಲ್ಲ. ಬದಲಾಯಿಸಿದರೆ ಅಣ್ಣ ಬಂದು ಕೇಳಬೇಕಾಗುತ್ತದೆ, ಅಣ್ಣ ಕೇಳುವವನಲ್ಲ ಎಂದು ಅವನಿಗೆ ಗೊತ್ತಿತ್ತು.

ಇಬ್ಬರಿಗೂ ತಾಯಿ ಕಲಿಸಿದ್ದ ಒಂದು ಅಭ್ಯಾಸವಿತ್ತು. ಮಲಗುವ ಮುನ್ನ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಬೇಕು. ಫ್ರಿಜ್ ಒಂದಕ್ಕೆ ಮಾತ್ರ ವಿನಾಯಿತಿ. ಗೋಡೆ ಎದ್ದ ಮೇಲೂ ಎರಡೂ ಕಡೆ ಈ ಅಭ್ಯಾಸ ತಪ್ಪಲಿಲ್ಲ. ತಮ್ಮ ರೌಟರ್ ಆರಿಸಿ ಮಲಗುತ್ತಿದ್ದ. ಬೆಳಿಗ್ಗೆ ಎದ್ದು ಅದರ ಸ್ವಿಚ್ ಹಾಕಿ, ಆಮೇಲೆ ಕಾಫಿಗೆ ನೀರಿಡುತ್ತಿದ್ದ. ಅಣ್ಣ ಸ್ವಲ್ಪ ಮುಂಚೆ ಏಳುತ್ತಿದ್ದ. ಅವನು ಪ್ರಿಂಟರ್ ಹಾಕಿದಾಗ ಅದರ ನೀಲಿ ದೀಪ ಒಂದಷ್ಟು ಹೊತ್ತು ಮಿಟುಕುತ್ತಿತ್ತು. ತಮ್ಮ ಎದ್ದ ಮೇಲೆ ಮಿಟುಕುವುದು ನಿಂತು ಸ್ಥಿರವಾಗುತ್ತಿತ್ತು. ಹೀಗೆ ದಿನವೂ ಬೆಳಿಗ್ಗೆ ತಮ್ಮ ಎದ್ದ ಎಂಬ ಸುದ್ದಿ ಅಣ್ಣನ ಮೇಜಿನ ಮೇಲೆ ಬರುತ್ತಿತ್ತು. ಅಣ್ಣ ಅದನ್ನು ಯಂತ್ರದ ಕಾಯಿಲೆ ಎಂದುಕೊಂಡಿದ್ದ.

ತಮ್ಮನ ಹೆಂಡತಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಒಂದು ದಿನ ಬೆಳಿಗ್ಗೆ ಅವನು ಎದ್ದವನೇ ಬಚ್ಚಲಿಗೆ ಹೋಗಿ ಜಾರಿ ಬಿದ್ದ. ಸೊಂಟದ ಮೂಳೆ ಮುರಿಯಿತು. ಮೇಲೇಳಲು ಆಗಲಿಲ್ಲ. ಮೊಬೈಲು ಕಪಾಟಿನ ಮೇಲಿತ್ತು. ರೌಟರಿನ ಸ್ವಿಚ್ ಇನ್ನೂ ಹಾಕಿರಲಿಲ್ಲ. ಆದರೆ ಜೀವಕ್ಕೆ ಏನೂ ಆಗಿರಲಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಬಾಗಿಲು ತೆಗೆಸಿ ಒಳಗೆ ಬಂದಿದ್ದರೆ ಅವನು ಬದುಕುತ್ತಿದ್ದ. ಇದನ್ನು ಆಮೇಲೆ ಡಾಕ್ಟರೇ ಹೇಳಿದರು.

ಆ ದಿನ ಅಣ್ಣನಿಗೂ ತುರ್ತು ಕೆಲಸವಿತ್ತು. ಅವನು ಬಡಾವಣೆಯ ಸಂಘದ ಕಾರ್ಯದರ್ಶಿ. ಸಂಘದವರು ನೆರೆಹೊರೆಯವರ ಸ್ನೇಹಕೂಟ ಇಟ್ಟುಕೊಂಡಿದ್ದರು. ಅದರ ಕರೆಯೋಲೆ ಅಚ್ಚಾಗಬೇಕಿತ್ತು. ಪ್ರಿಂಟರ್ ಹಾಕಿದ. ದೀಪ ಮಿಟುಕಿತು. ಕಾಫಿ ಕುಡಿದು ಬಂದ. ದೀಪ ಮಿಟುಕುತ್ತಲೇ ಇತ್ತು.

ಅಣ್ಣ ಅಸಡ್ಡೆಯ ಮನುಷ್ಯನಲ್ಲ. ಹಿಡಿದ ಕೆಲಸವನ್ನು ಬಿಡುವವನೂ ಅಲ್ಲ. ಪ್ರಿಂಟರನ್ನು ಆರಿಸಿ ಮತ್ತೆ ಹಾಕಿದ. ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದ. ಕಂಪ್ಯೂಟರಿನಿಂದ ಪ್ರಿಂಟರಿನ ಹೆಸರು ತೆಗೆದು ಮತ್ತೆ ಸೇರಿಸಿದ. ಪ್ರತಿ ಸಲವೂ ಕರೆಯೋಲೆಯನ್ನು ಅಚ್ಚಿಗೆ ಕಳಿಸಿದ. ಪ್ರತಿ ಸಲವೂ ಪ್ರಿಂಟರ್ ಸಿಗುತ್ತಿಲ್ಲ ಎಂದು ಪರದೆ ಹೇಳಿತು. ಹೆಂಡತಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಯಂತ್ರಕ್ಕೆ ದೃಷ್ಟಿ ತೆಗೆದಳು. ಅದರಿಂದಲೂ ಗುಣ ಕಾಣಲಿಲ್ಲ.

ಅಣ್ಣ ಕಂಪನಿಗೆ ಫೋನ್ ಮಾಡಿದ. ಒಬ್ಬ ಹುಡುಗಿ ಎತ್ತಿಕೊಂಡಳು.

"ಸರ್, ನೀಲಿ ದೀಪ ಮಿಟುಕ್ತಾ ಇದ್ದರೆ ಅದು ರೌಟರನ್ನ ಹುಡುಕ್ತಾ ಇದೆ ಅಂತ. ರೌಟರ್ ಆನ್ ಆಗಿದೆಯಾ ಒಂದ್ಸಲ ನೋಡ್ತೀರಾ?"

"ರೌಟರ್ ನನ್ನ ಪಾಲಿಗೆ ಬಂದಿಲ್ಲಮ್ಮ."

"ಸರ್?"

"ಅದು ಗೋಡೆ ಆ ಕಡೆ ಇದೆ. ನೀನು ಪ್ರಿಂಟರ್ ವಿಷಯ ಹೇಳು."

"ಗೋಡೆ ಆ ಕಡೆ ಅಂದ್ರೆ ಪಕ್ಕದಲ್ಲೇ ಅಲ್ವಾ ಸರ್? ಹೋಗಿ ನೋಡ್ಕೊಂಡು ಬನ್ನಿ. ನಾನು ಲೈನಲ್ಲೇ ಇರ್ತೀನಿ."

ಅಣ್ಣ ಫೋನ್ ಇಟ್ಟ. ಈಗಿನ ಕಾಲದ ಹುಡುಗಿಯರಿಗೆ ಕೆಲಸ ಬರುವುದಿಲ್ಲ ಎಂದು ಹೆಂಡತಿಗೆ ಹೇಳಿದ.

ಯಂತ್ರ ಗೋಡೆಗೆ ಹತ್ತಿರವಾದಷ್ಟೂ ಸಂಪರ್ಕ ಚೆನ್ನಾಗಿರುತ್ತದೆ ಎಂದು ಅವನು ಎಲ್ಲೋ ಓದಿದ್ದ. ಪ್ರಿಂಟರನ್ನು ಮೇಜಿನಿಂದ ಇಳಿಸಿ ಸ್ಟೂಲಿನ ಮೇಲಿಟ್ಟ. ಆಗಲಿಲ್ಲ. ಸ್ಟೂಲನ್ನು ಗೋಡೆಯ ಹತ್ತಿರ ಸರಿಸಿದ. ಆಗಲಿಲ್ಲ. ಸ್ಟೂಲು ತೆಗೆದು ಪ್ರಿಂಟರನ್ನು ನೆಲದ ಮೇಲೆ ಗೋಡೆಗೆ ಒತ್ತಿ ಇಟ್ಟ.

ಅಷ್ಟು ಹೊತ್ತಿಗೆ ತಮ್ಮ ಬಚ್ಚಲಿನಿಂದ ತೆವಳಿಕೊಂಡು ನಡುಮನೆಗೆ ಬಂದಿದ್ದ. ಕೂಗಲು ದನಿ ಏಳಲಿಲ್ಲ. ಬಾಗಿಲ ಚಿಲಕ ಎತ್ತರದಲ್ಲಿತ್ತು. ಅವನು ಗೋಡೆಯ ಬುಡದಲ್ಲಿ ಮಲಗಿ ಚೊಂಬಿನಿಂದ ಗೋಡೆ ಬಡಿದ. ಪ್ರಿಂಟರಿಗೂ ಅವನಿಗೂ ನಡುವೆ ಇದ್ದದ್ದು ಒಂದು ಇಟ್ಟಿಗೆಯ ದಪ್ಪ.

ಅಣ್ಣನ ಹೆಂಡತಿಗೆ ಸದ್ದು ಕೇಳಿಸಿತು.

"ರೀ, ನಿಮ್ಮ ತಮ್ಮ ಗೋಡೆ ಬಡೀತಿದಾನೆ."

"ಬಡೀಲಿ. ಅರ್ಧ ಗೋಡೆ ಅವನದೇ."

"ಯಾವತ್ತೂ ಹೀಗೆ ಮಾಡಿದವನಲ್ಲ. ಇವತ್ತು ಕಾಫಿ ವಾಸನೇನೂ ಬರಲಿಲ್ಲ. ಒಂದ್ಸಲ ಹೋಗಿ ನೋಡಬಾರದಾ?"

"ಅದಕ್ಕೇ ಕಣೇ ಬಡೀತಿರೋದು. ಬೇಕೂಂತ್ಲೇ ರೌಟರ್ ಆಫ್ ಮಾಡಿ, ನಾನೇ ಬಂದು ಕೇಳಲಿ ಅಂತ ಬಡೀತಿದಾನೆ. ನಾನು ಹೋದರೆ ಸೋತ ಹಾಗೆ."

"ನಾನು ಹೋಗ್ಲಾ?"

"ನೀನು ಹೋದ್ರೆ ನಾನು ಹೋದ ಹಾಗಲ್ವಾ?"

ಅವಳು ಹೋಗಲಿಲ್ಲ. ಅನ್ನಕ್ಕೆ ಇಡುವ ಹೊತ್ತಾಗಿತ್ತು.

ಸದ್ದು ಮಧ್ಯಾಹ್ನದವರೆಗೆ ಬಿಟ್ಟು ಬಿಟ್ಟು ಬಂತು. ಸಂಜೆ ಒಂದೆರಡು ಸಲ ಬಂತು. ಮರುದಿನ ಬರಲಿಲ್ಲ. ಅಣ್ಣನಿಗೆ ಸಮಾಧಾನವಾಯಿತು. ಉತ್ತರ ಕೊಡದಿದ್ದರೆ ಇಂಥವರು ತಾವಾಗಿಯೇ ಸುಮ್ಮನಾಗುತ್ತಾರೆ ಎಂದು ಹೆಂಡತಿಗೆ ಬಿಡಿಸಿ ಹೇಳಿದ. ಆಮೇಲೆ ಮತ್ತೆ ನೆಲದ ಮೇಲೆ ಕೂತು ಪ್ರಿಂಟರಿನ ಮುಚ್ಚಳ ತೆಗೆದ. ಒಳಗಿದ್ದ ಧೂಳನ್ನು ಊದಿದ. ಹತ್ತಿಯಿಂದ ಒರೆಸಿದ. ಅಷ್ಟು ಶ್ರದ್ಧೆಯಿಂದ ಆ ಯಂತ್ರವನ್ನು ಅದುವರೆಗೆ ಯಾರೂ ನೋಡಿಕೊಂಡಿರಲಿಲ್ಲ.

ತಮ್ಮನ ಬಾಗಿಲ ಮುಂದೆ ಹಾಲಿನ ಪೊಟ್ಟಣಗಳು ಹಾಗೆಯೇ ಬಿದ್ದಿದ್ದವು. ಒಂದನ್ನು ಬೆಕ್ಕು ಹರಿದಿತ್ತು. ಅಣ್ಣ ತನ್ನ ಮನೆಯ ಹಾಲು ಒಳಗೆ ತರುವಾಗ ಅವನ್ನು ಕಂಡ. ಪಕ್ಕದವರ ಹಾಲಿನ ವಿಚಾರ ತನಗೇಕೆ ಎಂದು ಒಳಗೆ ಹೋದ. ಅವನ್ನು ನೋಡಿ ನಿಂತವಳು ಎದುರು ಮನೆಯ ಹೆಂಗಸು. ಅವಳು ತಮ್ಮನೊಂದಿಗೆ ಮಾತು ಬಿಟ್ಟಿರಲಿಲ್ಲ. ಬಾಗಿಲು ಬಡಿದಳು, ಕಿಟಕಿಯಲ್ಲಿ ಇಣುಕಿದಳು, ಜನ ಸೇರಿಸಿದಳು. ಬಾಗಿಲು ಒಡೆದರು. ತಮ್ಮ ಗೋಡೆಯ ಬುಡದಲ್ಲಿ ಇದ್ದ. ಮೈ ತಣ್ಣಗಾಗಿತ್ತು.

ಆಗ ಅಣ್ಣ ಹೊಸ್ತಿಲು ದಾಟಿ ಬಂದ. ಮಾತು ಬಿಟ್ಟವರು ಮದುವೆಗೆ ಹೋಗುವಂತಿಲ್ಲ, ಹಬ್ಬಕ್ಕೆ ಹೋಗುವಂತಿಲ್ಲ, ಕಾಯಿಲೆ ಕೇಳಲು ಹೋಗುವಂತಿಲ್ಲ. ಸಾವಿಗೆ ಹೋಗಬಹುದು. ಅಲ್ಲಿ ಯಾರು ಮೊದಲು ಮಾತಾಡಬೇಕು ಎಂಬ ಪ್ರಶ್ನೆ ಇರುವುದಿಲ್ಲ. ಅಣ್ಣ ತಮ್ಮನ ತಲೆಯ ಹತ್ತಿರ ಕೂತು ಹೆಸರು ಹಿಡಿದು ಕರೆದ. ಏಳೋ ಎಂದ. ಯಾಕೋ ಹೇಳಲಿಲ್ಲ ಎಂದ. ಬಹಳ ಹೊತ್ತು ಮಾತಾಡಿದ. ಗೋಡೆ ಎದ್ದ ಮೇಲೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಬಂದವರಲ್ಲಿ ಯಾರೋ ಫ್ಯಾನ್ ಹಾಕಲು ಹೋಗಿ ಇದ್ದ ಸ್ವಿಚ್ಚುಗಳನ್ನೆಲ್ಲ ಒತ್ತಿದರು. ರೌಟರ್ ಹೊತ್ತಿಕೊಂಡಿತು. ಗೋಡೆಯ ಆ ಕಡೆ ಪ್ರಿಂಟರಿನ ದೀಪ ಮಿಟುಕುವುದನ್ನು ನಿಲ್ಲಿಸಿ ಸ್ಥಿರವಾಯಿತು. ಅಣ್ಣ ಅಷ್ಟು ಹೊತ್ತು ಕಳಿಸಿದ್ದ ಕರೆಯೋಲೆಗಳೆಲ್ಲ ಸಾಲಿನಲ್ಲಿ ಕಾಯುತ್ತಿದ್ದವು. ಒಂದಾದ ಮೇಲೊಂದು ಅಚ್ಚಾಗಿ ನೆಲದ ಮೇಲೆ ಬಿದ್ದವು. ನೆರೆಹೊರೆಯವರೆಲ್ಲ ತಪ್ಪದೆ ಬರಬೇಕು ಎಂದು ಅವುಗಳಲ್ಲಿತ್ತು. ಶಾಯಿ ಎಲ್ಲಿಯೂ ಹರಡಿರಲಿಲ್ಲ. ಅಕ್ಷರಗಳು ಸ್ಪಷ್ಟವಾಗಿದ್ದವು.

ಸ್ವಾಮಿಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಹಾಗಾದರೆ, ಬುದ್ಧಿ, ಆ ಪ್ರಿಂಟರಿಗೆ ಇದ್ದ ದೋಷವಾದರೂ ಏನು?"

"ದೋಷವೇನೂ ಇರಲಿಲ್ಲ, ಆ ಮನೆಯಲ್ಲಿ ತಮ್ಮನನ್ನು ಬಿಡದೆ ಹುಡುಕುತ್ತಿದ್ದದ್ದು ಅದೊಂದೇ."

ಶಿಷ್ಯ ಕೈಮುಗಿದು ಎದ್ದ. ಮಠದ ಪ್ರಿಂಟರ್ ಆ ದಿನ ಸರಿಹೋಗಲಿಲ್ಲ.