ಗುಳ್ಳೆಯ ಗದ್ದುಗೆ

ನಾಳೆ ರೇಸ್ ಟ್ರ್ಯಾಕಿನಲ್ಲಿ ಬೈಕ್ ಓಡಿಸಬೇಕೆಂದು ಜಸಿಂತಾ ರೇಡಿಯೇಟರಿನಲ್ಲಿದ್ದ, ಎಂಜಿನ್ ತಂಪಾಗಿಡುವ ಹಳೆಯ ಕೂಲಂಟ್ ದ್ರವವನ್ನೆಲ್ಲ ಬಸಿದು, ಶುದ್ಧ ನೀರು ತುಂಬಿದಳು. ಕೂಲಂಟ್ ಚೆಲ್ಲಿದರೆ ಹಿಂದೆ ಬರುವವರು ಜಾರಿ ಬೀಳುತ್ತಾರೆಂದು ಆ ಟ್ರ್ಯಾಕಿನಲ್ಲಿ ನೀರಿಗಷ್ಟೇ ಅಪ್ಪಣೆ. ನೀರಿನ ಜೊತೆ ಗಾಳಿಗುಳ್ಳೆಯೊಂದು ಒಳನುಸುಳಿ, ನೇರ ಎಂಜಿನ್ನಿನ ನೆತ್ತಿಗೇರಿ ಕೂತಿತು.

“ಎಲೈ ನೀರೇ, ಎಲ್ಲರಿಗಿಂತ ಮೇಲೆ ಯಾರು? ನಾನು!” ಎಂದು ಹಿರಿಹಿರಿ ಹಿಗ್ಗಿತು. ಕಾಲಿದ್ದಿದ್ದರೆ ಅದು ಕುಣಿದೇಬಿಡುತ್ತಿತ್ತು.

“ಅಯ್ಯಾ, ನೀನು ಕೂತಲ್ಲಿಗೆ ನಾನು ಬರಲಾರೆ. ಎಂಜಿನ್ನಿನ ತಲೆ ಕಾದು ಬಿರಿದೀತು. ದಯವಿಟ್ಟು ಜಾಗ ಬಿಡು,” ಎಂದಿತು ನೀರು.

“ಗದ್ದುಗೆ ಏರಿದವರು ತಾವಾಗಿ ಇಳಿದದ್ದುಂಟೇ?”

ಅಷ್ಟರಲ್ಲಿ ಒಳಗೆ ಸಿಕ್ಕ ಗಾಳಿ ಹೊರಬರಲೆಂದು ಜಸಿಂತಾ ರೇಡಿಯೇಟರಿನ ಮುಚ್ಚಳ ಹಾಕದೆಯೇ ಎಂಜಿನ್ ಶುರುಮಾಡಿ, ಬೈಕನ್ನು ಹಿಡಿದು ಎಡಕ್ಕೂ ಬಲಕ್ಕೂ ತೂಗತೊಡಗಿದಳು.

“ನೋಡಿದೆಯಾ, ನನಗೆ ಉಯ್ಯಾಲೆ ಸೇವೆ!” ಎಂದು ಗುಳ್ಳೆ ಕೇಕೆ ಹಾಕಿತು. ತೂಗಿದಷ್ಟೂ ಉಬ್ಬಿತು, ಉಬ್ಬಿದಷ್ಟೂ ಜಾರಿತು. “ಇನ್ನೂ ಮೇಲೆ! ಇನ್ನೂ ಮೇಲೆ!” ಎನ್ನುತ್ತ ಕೊಳವೆಯೊಳಗಿಂದ ರೇಡಿಯೇಟರಿನ ಬಾಯಿಗೆ ಬಂದು, “ನಾನಿಲ್ಲದೆ ಈ ಎಂಜಿನ್ನು...” ಎನ್ನುವಷ್ಟರಲ್ಲಿ ಬುಳಕ್ಕೆಂದು ಒಡೆಯಿತು.

“ಹೋಯ್ತಾ ಪೀಡೆ?” ಎಂದು ಜಸಿಂತಾ ನಕ್ಕಳು.

ಆ ಗದ್ದುಗೆ ತುಂಬಲು ಒಂದೇ ಗುಟುಕು ನೀರು ಸಾಕಾಯಿತು.