ಅಂಗಳಕ್ಕೆ ಬಂದ ದೋಣಿ

"ಅಜ್ಜಾರ, ನನ್ನ ಸಿಟ್ಟು ಪೂರಾ ಇಳಿಯೋತನಕ ನಾ ಯಾರ ಮುಂದೂ ಬರದಂಗ ಖೋಲ್ಯಾಗ ಇದ್ದುಬಿಟ್ರ ಆಗೂದಿಲ್ಲೇನ್ರಿ?"

ಮಠದ ಹಿತ್ತಲಿನಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಗುರುಗಳನ್ನು ಮಡಿವಾಳಯ್ಯ ಹೀಗೆ ಕೇಳಿದ. ಅವನು ಮಠಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಓದಿನಲ್ಲಿ ಚುರುಕು, ಪೂಜೆಯಲ್ಲಿ ಅಚ್ಚುಕಟ್ಟು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಗುರುಗಳು ಅವನನ್ನು ದಾಸೋಹದ ಪಂಕ್ತಿಯಲ್ಲಿ ಬಡಿಸಲು ಹಚ್ಚಿದ್ದರು. ಹಿಂದಿನ ದಿನ ಒಬ್ಬ ಮುದುಕ ಮತ್ತೆ ಮತ್ತೆ ಹುಗ್ಗಿ ಕೇಳಿದ್ದಕ್ಕೆ ಮಡಿವಾಳಯ್ಯ, "ಇದೇನು ಹೊಟ್ಟಿಯೋ, ಕಾಳು ತುಂಬೋ ಹಗೇವೋ?" ಎಂದುಬಿಟ್ಟಿದ್ದ. ಮುದುಕ ಎಲೆಯ ಮುಂದಿನಿಂದ ತಲೆ ತಗ್ಗಿಸಿ ಎದ್ದುಹೋಗಿದ್ದ. ಆಮೇಲೆ ಮಡಿವಾಳಯ್ಯ ತಾನೂ ಊಟಕ್ಕೆ ಕೂತಿರಲಿಲ್ಲ.

"ಮೊದಲ ನನ್ನ ನಾ ತಿದ್ದಿಕೋತೀನ್ರಿ. ಆಮ್ಯಾಲ ಮಂದಿಗೆ ಬಡಸ್ತೀನಿ" ಎಂದೂ ಸೇರಿಸಿದ. ಆಡಿದ ಮಾತು ಅವನ ಕಿವಿಗೇ ಬಹಳ ಹಿತವಾಗಿ ಕೇಳಿಸಿತು.

ಗುರುಗಳು ಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿ ಒಂದು ಕತೆ ಹೇಳಿದರು.

ಹೊಳೆಯ ದಂಡೆಯಲ್ಲಿ ಒಂದು ಊರು. ಊರಿನವರ ಹೊಲಗಳೆಲ್ಲ ಆಚೆ ದಡದಲ್ಲಿ. ದಾಟಿಸಲು ಇದ್ದದ್ದು ಒಂದೇ ದೋಣಿ, ಅದನ್ನು ನಡೆಸುವವನು ಒಬ್ಬ ಮುದಿ ಅಂಬಿಗ. ಅವನಿಗೆ ಒಬ್ಬಳೇ ಮಗಳು. ಅವಳನ್ನು ಮದುವೆಯಾಗಿ ಆ ಮನೆಗೆ ಬಂದವನು ಹೊಳೆಯನ್ನೇ ಕಾಣದ ಊರಿನವನು. ಗೋಡೆ ಕಟ್ಟಿ ಗಾರೆ ಮೆತ್ತುವುದು ಅವನ ಕಸುಬು. ಮುದಿ ಅಂಬಿಗ ತುಂಬು ಬಾಳು ಬಾಳಿ ಕಣ್ಣು ಮುಚ್ಚಿದ. ದೋಣಿಯ ಹುಟ್ಟು ಅಳಿಯನ ಕೈಗೆ ಬಂತು.

ಅಳಿಯ ಗಟ್ಟಿ ಆಳು. ದೋಣಿ ನಡೆಸುವುದನ್ನು ಬೇಗನೆ ಕಲಿತ. ಆದರೆ ಮನೆಅಳಿಯ ಎಂಬ ಮಾತು ಅವನಿಗೆ ಕಾಲಿನಲ್ಲಿ ಮುರಿದ ಮುಳ್ಳು. ಹೆಂಡತಿ ಏನಾದರೂ ಹೇಳಿಕೊಡಲು ಬಂದರೆ, "ನನಗ ಗೊತ್ತಿಲ್ಲೇನು?" ಎನ್ನುವನು. ಗೊತ್ತಿರುತ್ತಿರಲಿಲ್ಲ.

ದೋಣಿ ಮಾವನ ಕಾಲದ್ದು. ಒಂದೆರಡು ಹಲಗೆ ಕೊಳೆತು ನೀರು ಜಿನುಗುತ್ತಿತ್ತು. ಒಂದು ದಿನ ನಡುಹೊಳೆಯಲ್ಲಿ ಒಬ್ಬ ರೈತ ಧೋತರ ಎತ್ತಿ ಹಿಡಿದುಕೊಂಡು, "ಅಳಿಯಾರ, ಹೊಳಿ ದೋಣಿ ಹೊರಗೈತೋ ಒಳಗೈತೋ?" ಎಂದು ಕೇಳಿದ. ದೋಣಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅಳಿಯನಿಗೆ ಮೈಯೆಲ್ಲ ಉರಿಯಿತು. ಇದರಲ್ಲಿ ಒಂದೇ ಒಂದು ಬಿರುಕು ಉಳಿಯದ ಹಾಗೆ ಮಾಡದಿದ್ದರೆ ನನ್ನ ಹೆಸರೇ ಅಲ್ಲ ಎಂದು ಅಲ್ಲೇ ಪಣ ತೊಟ್ಟ.

ಬೇಸಗೆ ಬಂತು. ಹೊಳೆ ಬತ್ತಿ, ಜನ ನಡೆದೇ ದಾಟತೊಡಗಿದರು. ದೋಣಿಗೆ ಬಿಡುವು ಸಿಕ್ಕಿತು. ಅಳಿಯ ಅದನ್ನು ಮನೆಗೆ ಒಯ್ಯಲು ಹೊರಟ.

ಹೆಂಡತಿ ಹೇಳಿದಳು, "ಅಪ್ಪ ದಂಡಿ ಮ್ಯಾಲೇ ರಿಪೇರಿ ಮಾಡತಿದ್ದ. ನೀರಿನ ಹತ್ರಾನ ಇರಲಿ ಬಿಡ್ರಿ."

"ನಾಕು ಮಂದಿ ಮುಂದ ಅದರ ಹರಕು ಬಿಚ್ಚಿ ತೋರಸಲೇನು? ಮನ್ಯಾಗ ಮಾಡ್ತೀನಿ. ಯಾರ ಕಣ್ಣಿಗೂ ಬೀಳಬಾರದು."

ಯಾರ ಕಣ್ಣಿಗೂ ಬೀಳಬಾರದ ದೋಣಿಯನ್ನು ಎಳೆಯಲು ಊರಿಗೆ ಊರೇ ಬೇಕಾಯಿತು. ದಾರಿಗೆ ಅಡ್ಡಲಾಗಿ ದುಂಡು ಮರದ ತುಂಡುಗಳನ್ನು ಹಾಸಿದರು. ಮುಂದೆ ಎತ್ತು ಕಟ್ಟಿದರು, ಹಿಂದಿನಿಂದ ಗಂಡಸರು ಹೆಗಲು ಕೊಟ್ಟರು, ಅಕ್ಕಪಕ್ಕ ಹೆಂಗಸರು ಮಕ್ಕಳು ನಡೆದರು. ಹಿಂದೆ ಉಳಿದ ತುಂಡನ್ನು ಹೊತ್ತು ತಂದು ಮತ್ತೆ ಮುಂದೆ ಹಾಸುತ್ತ, "ಐಸಾ" ಎಂದು ಕೂಗುತ್ತ ಏರು ಹತ್ತಿಸಿದರು. ಬಂದವರೆಲ್ಲ ಬಗ್ಗಿ ಅದರ ಹೊಟ್ಟೆ ನೋಡಿದರು. ಒಬ್ಬ ಮುದುಕಿಯಂತೂ ಬಿರುಕಿನಲ್ಲಿ ಬೆರಳು ತೂರಿಸಿ, "ಅಯ್ಯ, ಇದರೊಳಗ ಕೂತೇನ ನಾವು ದಾಟತಿದ್ದದ್ದು!" ಎಂದು ಗಲ್ಲ ಹಿಡಿದುಕೊಂಡಳು. ಗೌಡರ ದನದ ಕೊಟ್ಟಿಗೆಯ ತಿರುವಿನಲ್ಲಿ ದೋಣಿ ಅತ್ತಲೂ ಹೋಗದೆ ಇತ್ತಲೂ ಬಾರದೆ ಓಣಿಗೆ ಬೆಣೆ ಬಡಿದಂತೆ ಸಿಕ್ಕಿಕೊಂಡಿತು. ಬಾವಿಗೆ ಹೋಗುವವರಿಗೆ ಬೇರೆ ದಾರಿಯಿಲ್ಲ. ಕೊಡ ಹೊತ್ತ ಹೆಂಗಸರು ಈ ತುದಿಯಲ್ಲಿ ದೋಣಿ ಹತ್ತಿ ಆ ತುದಿಯಲ್ಲಿ ಇಳಿದು ಹೋದರು. ಆ ದಿನ ಅದು ಒಣ ನೆಲದ ಮೇಲೆ ನಿಂತಲ್ಲಿಯೇ ಊರನ್ನೆಲ್ಲ ದಾಟಿಸಿತು. ಕೊನೆಗೆ ಗೌಡರು ಕೊಟ್ಟಿಗೆಯ ಮೂಲೆಗಲ್ಲು ಕೀಳಿಸಿದ ಮೇಲೆ ದೋಣಿ ಅಂಗಳ ಸೇರಿತು. ಅಳಿಯನೇ ಆ ಕಲ್ಲನ್ನು ಮತ್ತೆ ಕೂಡಿಸಿ ಗಾರೆ ಮೆತ್ತಿಕೊಟ್ಟ.

ಅವನು ಒಳ್ಳೆಯ ಕೆಲಸಗಾರನೇ. ಕೊಳೆತ ಹಲಗೆ ಕಿತ್ತು ಹೊಸದು ಹಾಕಿದ. ಸಡಿಲಾದ ಮೊಳೆಗಳನ್ನು ಬಿಗಿದ. ಎಣ್ಣೆ ಉಜ್ಜಿದ. ದೋಣಿ ಮದುಮಗನ ಹಾಗೆ ಮಿಂಚಿತು. "ಆತಲ್ರಿ, ಇನ್ನ ಒಯ್ಯೋಣ" ಎಂದಳು ಹೆಂಡತಿ. ಆಗಲೇ ಅವನ ಕಣ್ಣಿಗೆ ಎರಡು ಹಲಗೆಗಳ ನಡುವೆ ಕೂದಲೆಳೆಯಷ್ಟು ಒಂದು ಸಂದು ಕಂಡಿತು. ಹತ್ತಿ ತುರುಕಿ, ರಾಳ ಕಾಸಿ ಅದನ್ನು ಮುಚ್ಚಿದ. ಮರುದಿನ ಎದ್ದು ನೋಡಿದರೆ ಅದರ ಪಕ್ಕದಲ್ಲೇ ಇನ್ನೊಂದು. ಅದನ್ನೂ ಮುಚ್ಚಿದ. ಬಿಸಿಲು ಏರಿತು. ಈ ಬದಿಯ ಬಿರುಕು ಮುಚ್ಚುವ ಹೊತ್ತಿಗೆ ಆ ಬದಿ ಬಾಯಿ ತೆರೆಯುತ್ತಿತ್ತು.

ಗೋಡೆಯಲ್ಲಾದರೆ ಒಮ್ಮೆ ಮೆತ್ತಿದ ಬಿರುಕು ಮೆತ್ತಿದ ಹಾಗೆಯೇ ಇರುತ್ತದೆ. ದೋಣಿ ಹೀಗೇಕೆ ಹಟ ಹಿಡಿದಿದೆ ಎಂದು ಅವನಿಗೆ ತಿಳಿಯಲಿಲ್ಲ. ಬೆಳಗಾದರೆ ರಾಳದ ಗಡಿಗೆ, ಸಂಜೆಯಾದರೆ ರಾಳದ ಗಡಿಗೆ. ಬಿರುಕು ಹುಡುಕುವುದೇ ಅವನಿಗೆ ಕಸುಬಾಯಿತು. ಕೋಳಿ ದೋಣಿಯೊಳಗೆ ಮೊಟ್ಟೆ ಇಟ್ಟಿತು. ಹೆಂಡತಿಯೂ, ಹೇಗಿದ್ದರೂ ಸುಮ್ಮನೆ ಬಿದ್ದಿದೆಯಲ್ಲ ಎಂದು ಅದರಲ್ಲಿ ಸಂಡಿಗೆ ಒಣಗಿಸಿದಳು.

"ಅದು ನೀರಿಲ್ಲದ ಒಣಗಿ ಸೀಳಾಕ ಹತ್ತೈತ್ರಿ. ಹೊಳಿಗೆ ಹಾಕ್ರಿ" ಎಂದಳು ಒಂದು ದಿನ.

"ತೂತು ಇಟ್ಟುಕೊಂಡು ಹೊಳಿಗೆ ಹಾಕು ಅಂತೀಯಲ್ಲ, ನೀ ಅಂಬಿಗರ ಮಗಳೇನ?" ಎಂದು ಅವನು ರೇಗಿದ. ಅವಳು ಬಾಯಿಗೆ ಸೆರಗು ಹಿಡಿದು ನಗುತ್ತ ಒಳಗೆ ಹೋದಳು.

ಮಳೆಗಾಲ ಹತ್ತಿರ ಬಂತು. ಊರ ಹಿರಿಯರು ಅಂಗಳಕ್ಕೆ ಬಂದರು. ಹೊಳೆಗೆ ಹೊಸ ನೀರು ಬಂತೆಂದರೆ ನಡೆದು ದಾಟುವ ಹಾಗಿಲ್ಲ, ಆಚೆ ದಡದ ಬಿತ್ತನೆ ಕಾಯುವುದಿಲ್ಲ. ಅಷ್ಟರೊಳಗೆ ದೋಣಿ ನೀರಿಗೆ ಇಳಿಯದಿದ್ದರೆ ಕೆಳಗಿನ ಊರಿನ ಅಂಬಿಗನನ್ನು ಕರೆಸುತ್ತೇವೆ, ಇನ್ನು ಮುಂದೆ ಇಲ್ಲಿ ದೋಣಿ ನಡೆಸುವ ಹಕ್ಕು ಅವನದೇ ಎಂದರು. ಅಳಿಯ ದಡಬಡಿಸಿ ಎದ್ದ. ಮಾವ ನಂಬಿ ಕೊಟ್ಟ ಹುಟ್ಟು ತನ್ನ ಕೈಯಿಂದ ಜಾರುವುದೇ? "ಎಲ್ಲಾ ಬಿರುಕು ಮುಚ್ಚಿ ಒಂದೇ ಸಲಕ್ಕೆ ಇಳಸ್ತೀನ್ರಿ" ಎಂದು ಕೈ ಮುಗಿದ. ಉಳಿದಿದ್ದ ರಾಳ ಸಾಲದೆಂದು ಮರುದಿನ ನಸುಕಿನಲ್ಲೇ ಸಂತೆಗೆ ಓಡಿದ.

ಅವನು ರಾಳದ ಗಂಟು ಹೊತ್ತು ತಿರುಗಿ ಬಂದಾಗ ಅಂಗಳ ಬೋಳಾಗಿತ್ತು. ಸಂಡಿಗೆ ಹಗ್ಗದ ಮಂಚದ ಮೇಲಿದ್ದವು. ಕೋಳಿ ಜಾಗ ಹುಡುಕುತ್ತ ಅಲೆಯುತ್ತಿತ್ತು. ದೋಣಿ ಇರಲಿಲ್ಲ, ಹೆಂಡತಿಯೂ ಇರಲಿಲ್ಲ. ಗಂಟು ಅಲ್ಲೇ ಚೆಲ್ಲಿ ಹೊಳೆಗೆ ಓಡಿದ.

ದಂಡೆಯ ಮೇಲೆ ಹೆಂಡತಿ ಕಾಲು ಚಾಚಿ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದಳು. ಗೌಡರ ಕೊಟ್ಟಿಗೆಯ ಮೂಲೆಗಲ್ಲನ್ನು ಮತ್ತೊಮ್ಮೆ ಕಿತ್ತು ದೋಣಿ ಎಳೆದು ತಂದ ಮಂದಿ ಬೆವರು ಒರೆಸಿಕೊಳ್ಳುತ್ತಿದ್ದರು. ಗೂಟಕ್ಕೆ ಕಟ್ಟಿದ ಹಗ್ಗ ನೀರಿಗೆ ಇಳಿದಿತ್ತು. ಹಗ್ಗದ ಆಚೆ ತುದಿಯಲ್ಲಿ ದೋಣಿ ಮುಳುಗಿತ್ತು. ಮೇಲೆ ಕಾಣುತ್ತಿದ್ದದ್ದು ಅದರ ಎರಡು ಮೂತಿ ಮಾತ್ರ. ಸಾಲದ್ದಕ್ಕೆ ಒಳಗೆ ಕಲ್ಲು ಹೇರಿದ್ದರು.

ಅವನು ತಲೆಯ ಮೇಲೆ ಕೈ ಹೊತ್ತು ಕುಸಿದ. ಬೇಸಗೆಯೆಲ್ಲ ಪಟ್ಟ ಪಾಡು ನೀರುಪಾಲಾಯಿತಲ್ಲ ಎಂದು ಅಳುವೇ ಬಂತು. "ಮುಳುಗಿಸಿದ್ಯಲ್ಲೇ! ನಿಮ್ಮಪ್ಪನ ದೋಣಿ ನೀನ ಮುಳುಗಿಸಿದ್ಯಲ್ಲ!"

"ಮೊಣಕಾಲುದ್ದ ನೀರಾಗ ಐತ್ರಿ, ಎಲ್ಲಿಗೆ ಹೋಗತೈತಿ? ನೀವು ಹಸಿ ಗಾರಿಗೆ ದಿನಾ ನೀರು ಕುಡಸತಿದ್ರಿಲ್ಲೋ? ಕುಡಸದಿದ್ರ ಏನಾಗತಿತ್ತು?"

"ಬಿರುಕು ಬಿಡತಿತ್ತು" ಎಂದ ಅವನು. ಅಂದವನೇ ದೋಣಿಯ ಕಡೆ ತಿರುಗಿ ನೋಡಿದ.

ಕೆಲವು ದಿನ ದೋಣಿ ನೀರಿನಡಿಯಲ್ಲೇ ಇತ್ತು. ಅವನು ದಂಡೆ ಬಿಟ್ಟು ಕದಲಲಿಲ್ಲ. ಹೋಗಿ ಬರುವವರು, "ಅಳಿಯಾರ, ದೋಣಿಗೆ ಈಜು ಕಲಸಾಕ ಹತ್ತೀರೇನು?" ಎಂದರು. ಮೊದಲ ದಿನ ಅವನು ಹಲ್ಲು ಕಡಿದ. ಆಮೇಲೆ ಅವರೊಂದಿಗೆ ತಾನೂ ನಕ್ಕ.

ಹೊಳೆಯ ನೀರು ಕೆಂಪಗೆ ತಿರುಗತೊಡಗಿದ ದಿನ ಗಂಡ ಹೆಂಡತಿ ಇಬ್ಬರೂ ನೀರಿಗಿಳಿದು ಕಲ್ಲು ತೆಗೆದರು. ಮಂದಿ ಕೈ ಜೋಡಿಸಿ ದೋಣಿಯನ್ನು ಮೇಲಕ್ಕೆತ್ತಿದರು, ಒಳಗಿನ ನೀರು ಮೊಗೆದು ಚೆಲ್ಲಿದರು. ಅವನು ಬಗ್ಗಿ ಬೆರಳಾಡಿಸಿದ. ನೀರು ಕುಡಿದ ಹಲಗೆಗಳು ಉಬ್ಬಿ ಒಂದನ್ನೊಂದು ಒತ್ತಿ ಕೂತಿದ್ದವು. ಅವನು ಬೇಸಗೆಯಿಡೀ ತುರುಕಿದ್ದ ಹತ್ತಿ ರಾಳ ಎಷ್ಟೋ ಕಡೆ ಹೊರಗೆ ನೂಕಿಸಿಕೊಂಡು ಜೋತಾಡುತ್ತಿತ್ತು. ತಾನು ಯಾವ ನೀರಿಗೆ ಅಂಜಿ ಬಿರುಕು ಮುಚ್ಚುತ್ತಿದ್ದನೋ ಆ ನೀರೇ ಅವನ್ನು ಮುಚ್ಚಿತ್ತು. ಅವನು ಜೋತಾಡುವ ರಾಳವನ್ನು ಕಿತ್ತು ಹೊಳೆಗೆ ಎಸೆದ. ಅಂದೇ ಬೀಜದ ಚೀಲ ಹೊತ್ತ ಮಂದಿಯನ್ನು ಆಚೆ ದಡಕ್ಕೆ ಮುಟ್ಟಿಸಿದ. ಕೆಳಗಿನ ಊರಿನ ಅಂಬಿಗನನ್ನು ಯಾರೂ ಕರೆಯಲಿಲ್ಲ.

ಗುರುಗಳು ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

ಮಡಿವಾಳಯ್ಯ ಕತೆಯುದ್ದಕ್ಕೂ ನಕ್ಕಿದ್ದ. ಈಗ ಅವನ ಮುಖದ ನಗು ಸಣ್ಣಗಾಯಿತು. ಆ ಮುದುಕ ಇವತ್ತೂ ಪಂಕ್ತಿಗೆ ಬಂದಾನು. ಬಂದರೆ ಅವನ ಎಲೆಯ ಮುಂದೆ ಬಗ್ಗಿ ನಿಲ್ಲಬೇಕು. ನೆನೆದರೇ ಅವನಿಗೆ ಅಂಜಿಕೆಯಾಯಿತು. ಅಡುಗೆಮನೆಯ ಕಡೆಯಿಂದ ಊಟದ ಗಂಟೆ ಕೇಳಿಸಿತು.

"ಅಜ್ಜಾರ, ನನ್ನ ಬಾಯಿ ನನಗ ಗೊತ್ತೈತ್ರಿ. ಇವತ್ತ ಬಡಿಸಾಕ ಹ್ವಾದ್ರ ಮತ್ತ ಯಾರಿಗರೆ ಬೈದೇ ಬೈತೀನಿ. ನಾನೂ ಮುಳುಗೇ ಮುಳುಗ್ತೀನ್ರಿ" ಎಂದ.

"ಮುಳುಗ್ತಿ ಅಂತ ಗೊತ್ತಿದ್ದೇ ನಿನ್ನ ಮೊಣಕಾಲುದ್ದ ನೀರಿಗೆ ಇಳಿಸೀನಿ, ತಮ್ಮಾ" ಎಂದರು ಗುರುಗಳು.