ಮತ ಹಾಕದ ಸಿದ್ದಿಂಗಮ್ಮ

ಒಂದು ಸಂಸ್ಥಾನದಲ್ಲಿ ರಾಜ್ಯಾಂಗ ತಿದ್ದುವುದಕ್ಕೆ ಜನರ ಮತ ಕೇಳಿದರು. ಪ್ರಶ್ನೆ ಒಂದೇ: "ಮತ ಹಾಕುವುದನ್ನು ಎಲ್ಲರಿಗೂ ಕಡ್ಡಾಯ ಮಾಡೋಣವೇ?"

ಅಮಲ್ದಾರ ಮನೆಮನೆಗೆ ನುಗ್ಗಿ ಜನರನ್ನು ಹೊರಡಿಸಿದ. ಕುಂಬಾರಗಿತ್ತಿ ಸಿದ್ದಿಂಗಮ್ಮ ಮಾತ್ರ ಮಡಕೆ ಮಾಡುವ ತಿಗರಿ ಬಿಟ್ಟು ಏಳಲಿಲ್ಲ.

"ಏಳಮ್ಮ! ಮತ ಹಾಕದಿದ್ದರೆ ಈ ತಿಗರಿ ಜಪ್ತಿ!" ಎಂದು ಅಮಲ್ದಾರ ಗುಡುಗಿದ.

ಅವಳ ಹೊಟ್ಟೆಪಾಡೇ ಆ ತಿಗರಿ. ಆದರೂ ಏಳದೆ, ಮಣ್ಣುಗೈ ಮುಗಿದು ಕೇಳಿದಳು: "ಬುದ್ಧೀ, ಕಡ್ಡಾಯ ಅಂತ ತೀರ್ಮಾನ ಆಗೋಯ್ತಾ?"

"ಇನ್ನೂ ಇಲ್ಲ. ಅದಕ್ಕೇ ತಾನೆ ಈ ಮತ? ನಾಳೆ ಎಣಿಕೆ."

"ಹಂಗಾದ್ರೆ ಇವತ್ತು ಹಾಕ್ಲೇಬೇಕು ಅಂತೇನಿಲ್ವಲ್ಲ! ಕಡ್ಡಾಯ ಅಂತ ಆಗ್ಲಿ, ನಾಳಿದ್ದು ಬಂದು ಹಾಕ್ತೀನಿ."

ಅಮಲ್ದಾರ ತಿಗರಿ ಮುಟ್ಟದೆ ಹೊರಟುಹೋದ.

ಮರುದಿನ ಪೆಟ್ಟಿಗೆ ತೆರೆದು ಎಣಿಸಿದರು. ಅವನು ಎಳೆದು ತಂದ ನಾನೂರು ಮಂದಿಯೂ "ಬೇಡ" ಎಂದೇ ಹಾಕಿದ್ದರು.